ದೇವಸೂಗೂರಿನ ಸೇತುವೆ: ಎಡೆದೊರೆ ನಾಡು ಹೊಳೆ ದಾಟಿದ ಕಥೆ

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿಯ ಆಡಳಿತದಲ್ಲಿ ಈ ಕೋಟೆ ಎದ್ದಿತೆಂದು ಆ ಕಲ್ಲಿನ ಮೇಲಿನ ತೆಲುಗು ಶಾಸನ ಹೇಳುತ್ತದೆ. ಶಾಸನಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಗೋಡೆಯ ಮೇಲೆ ಕೊರೆದ ಒಂದು ಚಿತ್ರ. ಅದರಲ್ಲಿ ಇದೇ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಉದ್ದನೆಯ ಸಾಲು. ಗಾಲಿಗಳ ಬಳಿ ಆಳುಗಳು ಸನ್ನೆಗೋಲು ಕೊಟ್ಟು ಎತ್ತಿ ನೂಕುತ್ತಿದ್ದಾರೆ. ಕಲ್ಲು ತಂದವರು ತಂದ ಬಗೆಯನ್ನೂ ಬರೆದಿಟ್ಟು ಹೋಗಿದ್ದಾರೆ.

ಇಷ್ಟು ಭಾರದ ಕಲ್ಲನ್ನು ಎಳೆದು ತಂದು ಗೋಡೆಗೆ ಕೂರಿಸಬಲ್ಲ ಜನ ಕೃಷ್ಣೆಗೆ ಒಂದು ಸೇತುವೆ ಯಾಕೆ ಕಟ್ಟಲಿಲ್ಲ? ಈ ನಾಡಿನಲ್ಲಿ ಕಲ್ಲಿಗೆ ಬರವಿರಲಿಲ್ಲ, ಕೈಗೆ ಬಲವೂ ಇತ್ತು. ಮುಂಗಾರಿನ ಕೃಷ್ಣೆಯ ರಭಸ ಒಂದು ಕಾರಣವಿರಬಹುದು. ಆದರೆ ದೊಡ್ಡ ಕಾರಣ ಬೇರೆಯೇ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಆಳಿದವರಿಗೆ ಹೊಳೆಯೇ ಒಂದು ಕೋಟೆಯಾಗಿತ್ತು. ಕೋಟೆಗೆ ಯಾರೂ ತಾವಾಗಿ ಬಿರುಕು ಬಿಡುವುದಿಲ್ಲ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಕರಿಮಣ್ಣಿನ ಬಯಲು ಮತ್ತು ಬೋಳು ಗುಡ್ಡಗಳು. ಹಳೆಯ ಶಾಸನಗಳು ಇದನ್ನು ಎಡೆದೊರೆ ನಾಡು ಎಂದು ಕರೆದವು. ಇಂದಿನ ರಾಯಚೂರು, ದೇವದುರ್ಗ, ಮಾನ್ವಿ ಈ ಎಡೆಯೊಳಗಿನ ಊರುಗಳೇ. ದೇವದುರ್ಗಕ್ಕೆ ಕೃಷ್ಣೆ ಹತ್ತಿರ, ಮಾನ್ವಿಗೆ ತುಂಗಭದ್ರೆ ಹತ್ತಿರ, ರಾಯಚೂರಿಗೆ ಎರಡೂ ಹತ್ತಿರ. ಬಹಮನಿಗಳೂ ವಿಜಯನಗರದವರೂ, ಆಮೇಲೆ ಆದಿಲ್‌ಶಾಹಿಗಳೂ ಇನ್ನೂರು ವರ್ಷ ಕಾದಾಡಿದ್ದು ಈ ಎಡೆಗಾಗಿ. ಪ್ರತಿ ಕಾಳಗದಲ್ಲೂ ಮೊದಲು ಏಳುತ್ತಿದ್ದ ಪ್ರಶ್ನೆ ಒಂದೇ: ಹೊಳೆ ದಾಟುವುದು ಹೇಗೆ, ಎಲ್ಲಿ, ಯಾವಾಗ?

ದಾಟುವ ಸಾಧನ ಹರಿಗೋಲು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ಇದನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಒಂದು ಸಲಕ್ಕೆ ಹದಿನೈದಿಪ್ಪತ್ತು ಜನ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಾರೆ, ಇಲ್ಲದಿದ್ದರೆ ಅವು ಈಜಿಯೇ ದಾಟುತ್ತವೆ. ಹುಟ್ಟು ಹಾಕಿದಷ್ಟೂ ದೋಣಿ ಸುತ್ತುತ್ತಲೇ ಸಾಗುತ್ತದೆ ಎಂಬ ಮಾತನ್ನೂ ಅವನು ಬಿಟ್ಟಿಲ್ಲ. ಸಂತೆಗೆ ಹೋಗುವವರಿಗೆ ಇಷ್ಟು ಸಾಕಾಗಿತ್ತು. ಒಂದು ದಂಡು ದಾಟಬೇಕಾದರೆ, ಅದರಲ್ಲೂ ಸೋತು ಓಡುವ ದಂಡು ದಾಟಬೇಕಾದರೆ, ಇದು ಏನೇನೂ ಸಾಲದು.

1520ರಲ್ಲಿ ಬಿಜಾಪುರದ ಸೈನ್ಯ ಇದನ್ನು ಪ್ರಾಣ ಕೊಟ್ಟು ಕಲಿಯಿತು. ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನೂನಿಜ್ ಈ ಕಥೆಯನ್ನು ವಿವರವಾಗಿ ಹೇಳಿದ್ದಾನೆ. ಅವನ ಪ್ರಕಾರ ಜಗಳದ ಕಿಡಿ ಹೊತ್ತಿದ್ದು ಕುದುರೆಯ ದುಡ್ಡಿನಿಂದ. ಕೃಷ್ಣದೇವರಾಯ 40,000 ಪರದಾವೊ ಹಣ ಕೊಟ್ಟು ಒಬ್ಬ ದಳ್ಳಾಳಿಯನ್ನು ಗೋವೆಗೆ ಕುದುರೆ ಕೊಳ್ಳಲು ಕಳಿಸಿದ. ಅವನು ಹಣದೊಂದಿಗೆ ಆದಿಲ್‌ಶಾಹಿ ಸೀಮೆಗೆ ಓಡಿಹೋದ. ಅವನನ್ನು ಒಪ್ಪಿಸಿ ಎಂದು ಕೇಳಿದ್ದಕ್ಕೆ ಇಸ್ಮಾಯಿಲ್ ಆದಿಲ್‌ಶಾಹ ಒಪ್ಪಲಿಲ್ಲ. ಇದು ನೆಪವಷ್ಟೇ ಇರಬೇಕು. ರಾಯಚೂರು ಕೋಟೆಯ ಮೇಲೆ ವಿಜಯನಗರದ ಕಣ್ಣು ಎರಡು ತಲೆಮಾರುಗಳಿಂದ ಇತ್ತು.

ರಾಯನ ದಂಡು ಬಂದು ರಾಯಚೂರನ್ನು ಮುತ್ತಿತು. ಮುತ್ತಿಗೆ ಬಿಡಿಸಲು ಆದಿಲ್‌ಶಾಹ ಬಿಜಾಪುರದಿಂದ ಹೊರಟು ಕೃಷ್ಣೆಯ ಉತ್ತರ ದಡಕ್ಕೆ ಬಂದ. ಅಲ್ಲಿ ಅವನು ಹೊಳೆಯನ್ನು ಬೆನ್ನಿಗಿಟ್ಟುಕೊಂಡು ಈಚೆ ದಡದಲ್ಲಿ ಬೀಡು ಬಿಡುವ ನಿರ್ಧಾರ ಮಾಡಿದ. ದಾಟಿ ಬಂದು ಕಂದಕ ತೋಡಿಸಿ, ಮುಂದೆ ತೋಪುಗಳನ್ನು ಸಾಲಾಗಿ ನಿಲ್ಲಿಸಿದ. ಶನಿವಾರ ಬೆಳಗಿನ ಜಾವ ವಿಜಯನಗರದ ಮುಂಚೂಣಿ ನುಗ್ಗಿದಾಗ ಆ ತೋಪುಗಳು ಒಮ್ಮೆಲೇ ಗರ್ಜಿಸಿದವು. ಮುಂದಿನ ಸಾಲು ಮುರಿದು ಹಿಮ್ಮೆಟ್ಟಿತು. ಆ ಗಳಿಗೆಯಲ್ಲಿ ಯುದ್ಧ ಹೆಚ್ಚುಕಡಿಮೆ ಬಿಜಾಪುರದ ಕೈಯಲ್ಲಿತ್ತು. ಆದರೆ ಓಡುವವರನ್ನು ಅಟ್ಟಿಸಿಕೊಂಡು ಹೋದ ಬಿಜಾಪುರದವರ ಕಟ್ಟು ಸಡಿಲವಾಯಿತು. ಸಾಯುವುದಾದರೆ ಇಲ್ಲೇ ಎಂದು ರಾಯ ತಾನೇ ಮುಂದೆ ಬಂದು ಎರಡನೆಯ ದಂಡನ್ನು ಹೊರಡಿಸಿದ. ಬಿಜಾಪುರದ ಸೈನ್ಯ ತಿರುಗಿ ಓಡಿತು. ಹಿಂದೆ ಇದ್ದದ್ದು ಕೃಷ್ಣೆ.

ಅಲ್ಲಿ ನಡೆದದ್ದನ್ನು ಕದನ ಎನ್ನಲಾಗದು. ಕುದುರೆ, ಆನೆ, ಮನುಷ್ಯರು ಒಬ್ಬರ ಮೇಲೊಬ್ಬರು ನೀರಿಗೆ ಬಿದ್ದರು. ಸಾವು ನೋಡಲಾರದೆ ರಾಯ ಬೆನ್ನಟ್ಟುವುದನ್ನು ನಿಲ್ಲಿಸಲು ಹೇಳಿದನೆಂದು ನೂನಿಜ್ ಬರೆಯುತ್ತಾನೆ. ಆದಿಲ್‌ಶಾಹ ಆನೆಯೇರಿ ಹೇಗೋ ಆಚೆ ದಡ ಸೇರಿದ. ಈಚೆ ದಡದಲ್ಲಿ ಉಳಿದದ್ದು 400 ದೊಡ್ಡ ತೋಪುಗಳು, 4,000 ಕುದುರೆಗಳು, ನೂರು ಆನೆಗಳು ಎಂಬುದು ಅವನ ಲೆಕ್ಕ. ಅಂಕಿಗಳನ್ನು ಅವನು ಉಬ್ಬಿಸಿರಬಹುದು, ಆದರೆ ಸೋಲು ಎಂಥದೆಂಬುದರಲ್ಲಿ ಅನುಮಾನವಿಲ್ಲ. ಆಮೇಲೆ ರಾಯಚೂರು ಕೋಟೆಯೂ ಬಿತ್ತು. ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಕೋವಿಗಾರರೂ ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಹೊಡೆದದ್ದರಿಂದ ಕೆಳಗಿನವರಿಗೆ ಗೋಡೆ ಒಡೆಯಲು ಬಿಡುವು ಸಿಕ್ಕಿತು.

ಇತಿಹಾಸಕಾರ ಫೆರಿಷ್ತಾ ಹೇಳುವ ಕಥೆಯೇ ಬೇರೆ. ಅವನ ಪ್ರಕಾರ ಸುಲ್ತಾನ ದಡದಲ್ಲಿ ಮದ್ಯದ ಮತ್ತಿನಲ್ಲಿದ್ದ. ಆ ಮತ್ತಿನಲ್ಲೇ, ಸಾಕಷ್ಟು ತೆಪ್ಪಗಳು ಸಿದ್ಧವಾಗುವ ಮೊದಲೇ, ಸ್ವಲ್ಪ ಜನರೊಂದಿಗೆ ಹೊಳೆಗೆ ಇಳಿದ. ಹಿಂದಿರುಗುವಾಗ ಬಹುಪಾಲು ಎಲ್ಲರೂ ಮುಳುಗಿದರು. ರಾಯಚೂರನ್ನು ಮರಳಿ ಪಡೆಯುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಇಸ್ಮಾಯಿಲ್ ಆಣೆ ಮಾಡಿದನಂತೆ. ಇಸವಿಯ ಬಗ್ಗೆಯೂ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ನೂನಿಜ್ 1522 ಎನ್ನುತ್ತಾನೆ. ರಾಬರ್ಟ್ ಸಿವೆಲ್ ವಾರ, ಅಮಾವಾಸ್ಯೆ ಮತ್ತು ಬೇರೆ ಪೋರ್ಚುಗೀಸ್ ಬರಹಗಳನ್ನು ತಾಳೆ ನೋಡಿ 1520ರ ಮೇ 19 ಎಂದು ನಿರ್ಧರಿಸಿದ. ಇಂದು ಹೆಚ್ಚಿನವರು ಒಪ್ಪುವುದು ಇದನ್ನೇ. ಎರಡು ಕಥೆಗಳೂ ಒಂದು ಮಾತಿನಲ್ಲಿ ಮಾತ್ರ ಕೂಡುತ್ತವೆ: ಬಿಜಾಪುರದ ಸೈನಿಕರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಹೊಳೆ.

1529ರಲ್ಲಿ ಕೃಷ್ಣದೇವರಾಯ ತೀರಿಕೊಂಡ. ಮರುವರ್ಷವೇ ಇಸ್ಮಾಯಿಲ್ ರಾಯಚೂರು, ಮುದಗಲ್ಲುಗಳನ್ನು ಮತ್ತೆ ಹಿಡಿದ. 1565ರ ಜನವರಿಯಲ್ಲಿ ದಖ್ಖನಿನ ಸುಲ್ತಾನರು ಒಂದಾಗಿ ಬಂದಾಗಲೂ ಕಥೆ ತಿರುಗಿದ್ದು ಕೃಷ್ಣೆಯ ದಡದಲ್ಲೇ. ಹಾಯುವ ಜಾಗವನ್ನು ವಿಜಯನಗರದವರು ಭದ್ರವಾಗಿ ಕಾಯುತ್ತಿದ್ದರು. ಬೇರೆ ಕಡವು ಹುಡುಕುವವರಂತೆ ಸುಲ್ತಾನರ ದಂಡು ದಡದುದ್ದಕ್ಕೂ ನಡೆಯಿತು. ಈಚೆ ದಡದಲ್ಲಿ ಕಾವಲಿನವರೂ ಅದರ ಜತೆಗೇ ಸರಿದರು. ಆಗ ದಂಡು ಒಮ್ಮೆಲೇ ಹಿಂದಿರುಗಿ, ಮೊದಲಿನ ಜಾಗಕ್ಕೇ ಬಂದು, ಯಾರ ಅಡ್ಡಿಯೂ ಇಲ್ಲದೆ ದಾಟಿತು. ಕದನ ನಡೆದ ಬಯಲು ಯಾವುದೆಂಬ ತಕರಾರು ಇನ್ನೂ ಮುಗಿದಿಲ್ಲ. ತಾಳಿಕೋಟೆ, ರಕ್ಕಸಗಿ-ತಂಗಡಗಿ, ಬನ್ನಿಹಟ್ಟಿ ಎಂದು ಹೆಸರುಗಳು ಹಲವು. ಆದರೆ ಗೆಲುವಿನ ಅರ್ಧ ಪಾಲು ಆ ದಾಟುವಿಕೆಯಲ್ಲೇ ಆಗಿಹೋಗಿತ್ತು ಎಂಬುದು ನನ್ನ ತಿಳಿವು.

ಆಮೇಲಿನ ಮುನ್ನೂರು ವರ್ಷಗಳಲ್ಲಿ ಧ್ವಜಗಳು ಬದಲಾದವು. ಬಿಜಾಪುರ, ಮೊಗಲರು, ನಿಜಾಮರು. 1853ರಲ್ಲಿ ಸಾಲದ ಲೆಕ್ಕದಲ್ಲಿ ನಿಜಾಮ ರಾಯಚೂರು ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ, 1860ರಲ್ಲಿ ಅದು ಅವನಿಗೆ ಮರಳಿತು. ಹೊಳೆ ದಾಟುವ ಬಗೆ ಮಾತ್ರ ಬದಲಾಗಲಿಲ್ಲ. ಅದನ್ನು ಬದಲಿಸಿದ್ದು ರೈಲು. ಮುಂಬಯಿಯಿಂದ ಬರುತ್ತಿದ್ದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ, ಭೀಮೆಯನ್ನೂ ಕೃಷ್ಣೆಯನ್ನೂ ಹಾಯ್ದು, 1871ರಲ್ಲಿ ರಾಯಚೂರು ಮುಟ್ಟಿತು. ಮದರಾಸಿನ ಹಳಿ ತುಂಗಭದ್ರೆ ದಾಟಿ ಎದುರು ದಿಕ್ಕಿನಿಂದ ಬಂದು ಅದನ್ನು ಕೂಡಿತು. ಮುಂಬಯಿ ಮತ್ತು ಮದರಾಸುಗಳನ್ನು ಗಂಟು ಹಾಕಿದ್ದು ರಾಯಚೂರು. ಎರಡು ಹೊಳೆಗಳ ನಡುವೆ ಸಿಕ್ಕಿಕೊಂಡಿದ್ದ ಊರು ಒಂದೇ ವರ್ಷದಲ್ಲಿ ದೇಶದ ಹೆದ್ದಾರಿಯ ಮೇಲೆ ಬಂದು ಕೂತಿತು. ಹತ್ತಿಯ ಮತ್ತು ಎಣ್ಣೆಕಾಳಿನ ಪೇಟೆಯಾಗಿ ರಾಯಚೂರು ಬೆಳೆದ ಬೇರು ಇಲ್ಲಿದೆ.

ಆದರೆ ರೈಲಿನ ಸೇತುವೆ ರೈಲಿಗೆ ಮಾತ್ರ. ಬಂಡಿಯವನು, ಕುರಿಗಾರ, ಮಗಳನ್ನು ಆಚೆ ದಡಕ್ಕೆ ಕೊಟ್ಟ ತಾಯಿ ಇವರೆಲ್ಲ ಕೆಳಗೆ ಕಡವಿನಲ್ಲಿ ಮೊದಲಿನಂತೆಯೇ ಕಾದರು. ತಲೆಯ ಮೇಲೆ ರೈಲು ಹೋಗುತ್ತಿತ್ತು, ಕೆಳಗೆ ಹರಿಗೋಲು ಸುತ್ತುತ್ತಿತ್ತು. ಹೊಳಿ ಬಂದರೆ ದಾರಿ ಬಂದ್. ಈ ಸ್ಥಿತಿ ಇನ್ನೂ 70 ವರ್ಷ ಮುಂದುವರಿಯಿತು. ನಮ್ಮ ಇತಿಹಾಸದ ಪುಸ್ತಕಗಳು 1871ನ್ನು ಕೊಂಡಾಡಿ ಮುಂದೆ ಹೋಗಿಬಿಡುತ್ತವೆ, ಈ 70 ವರ್ಷಗಳ ಕಾಯುವಿಕೆಯ ಕಡೆ ತಿರುಗಿ ನೋಡುವುದಿಲ್ಲ.

ರಸ್ತೆಯ ಸೇತುವೆಯ ಒತ್ತಡ ಬಂದದ್ದು ಮೋಟಾರು ಬಂದ ಮೇಲೆ. 1932ರಲ್ಲಿ ನಿಜಾಮ ಸರ್ಕಾರದ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ಸಾರಿಗೆ ಶುರು ಮಾಡಿತು. ಬಸ್ಸನ್ನು ಹರಿಗೋಲಿನಲ್ಲಿ ದಾಟಿಸಲಾಗದು. ಹೈದರಾಬಾದಿನಿಂದ ರಾಯಚೂರಿಗೆ ಬರುವ ದಾರಿ ಕೃಷ್ಣೆಯ ದಡದಲ್ಲಿ ತುಂಡಾಗುತ್ತಿತ್ತು. ಮರುವರ್ಷ, 1933ರಲ್ಲಿ, ರಾಯಚೂರಿನ ಉತ್ತರಕ್ಕೆ ದೇವಸೂಗೂರಿನ ಬಳಿ ಸೇತುವೆಯ ಕೆಲಸ ಆರಂಭವಾಯಿತು. ಮುಗಿದದ್ದು 1943ರಲ್ಲಿ. ಉದ್ದ 2,488 ಅಡಿ, ಅಗಲ 20 ಅಡಿ, ಖರ್ಚು 13 ಲಕ್ಷ 28 ಸಾವಿರ ರೂಪಾಯಿಗೂ ಸ್ವಲ್ಪ ಹೆಚ್ಚು.

ಹತ್ತು ವರ್ಷ ಯಾಕೆ ಹಿಡಿಯಿತೆಂದು ಇಂದಿನವರು ಕೇಳಬಹುದು. ಜೂನ್ ದಾಟಿದರೆ ಸಹ್ಯಾದ್ರಿಯ ಮಳೆಯ ನೀರು ಇಲ್ಲಿಗೆ ಬರುತ್ತದೆ. ಅದು ಇಳಿಯುವ ಹೊತ್ತಿಗೆ ದಸರೆ ಕಳೆದಿರುತ್ತದೆ. ಹೊಳೆಯ ಪಾತ್ರದಲ್ಲಿ ಇಳಿದು ಬುನಾದಿ ಹಾಕಲು ಸಿಗುವುದು ಚಳಿಗಾಲ, ಬೇಸಿಗೆ ಮಾತ್ರ. ಆಮೇಲೆ ಮತ್ತೆ ನೀರು. ಆಗಿನ್ನೂ ಮೇಲೆ ಆಲಮಟ್ಟಿಯಾಗಲಿ ನಾರಾಯಣಪುರವಾಗಲಿ ಇರಲಿಲ್ಲ. ನೀರನ್ನು ತಡೆದು ಹಿಡಿದುಕೊಳ್ಳುವ ಅಣೆಕಟ್ಟಿಲ್ಲದ, ಬಿಚ್ಚಿಬಿಟ್ಟ ಕೃಷ್ಣೆಯಲ್ಲಿ ನಡೆದ ಕೆಲಸ ಅದು. ಕೊನೆಯ ವರ್ಷಗಳಲ್ಲಿ ಜಗತ್ತೇ ಯುದ್ಧದಲ್ಲಿತ್ತು. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಕಾದ ಬಂಡೆಗಳ ನಡುವೆ ಕಲ್ಲು ಹೊತ್ತವರ ಹೆಸರನ್ನು ಕೋಟೆಯ ಚಿತ್ರದಂತೆ ಯಾರೂ ಕೊರೆದಿಡಲಿಲ್ಲ.

ಸೇತುವೆಗೆ ಇಟ್ಟ ಹೆಸರು ಸಿರಾತ್-ಎ-ಜೂದಿ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಮಗ ಜವಾದ್‌ ಜಾಹನ ಹೆಸರು ಅದು. ಆ ಮಗು ಎಳವೆಯಲ್ಲೇ ತೀರಿಕೊಂಡಿತು. ಅವನ ನೆನಪಿಗೆ ಹೈದರಾಬಾದಿನ ಕಿಂಗ್ ಕೋಠಿ ಅರಮನೆಯ ಎದುರು ಮಸ್ಜಿದ್-ಎ-ಜೂದಿ ಕಟ್ಟಿಸಲಾಯಿತು. 1967ರಲ್ಲಿ ನಿಜಾಮನನ್ನೂ ಮಣ್ಣು ಮಾಡಿದ್ದು ಅದೇ ಮಸೀದಿಯ ಆವರಣದಲ್ಲಿ. ಜಗತ್ತಿನ ಅತ್ಯಂತ ದೊಡ್ಡ ಸಿರಿವಂತನೆಂದು ಹೆಸರಾದ ಒಬ್ಬ ತಂದೆಯ ದುಃಖ ಹೈದರಾಬಾದಿನಲ್ಲಿ ಮಸೀದಿಯಾಯಿತು, ರಾಯಚೂರಿನಲ್ಲಿ ಸೇತುವೆಯಾಯಿತು. ಇಲ್ಲಿನ ಜನ ಆ ಹೆಸರು ಹಿಡಿಯಲಿಲ್ಲ. ಅವರಿಗೆ ಅದು ಕೃಷ್ಣಾ ಬ್ರಿಜ್ಜು. ದಡದಲ್ಲಿ ಸೂಗೂರೇಶ್ವರನ ಗುಡಿಯಿದೆ. ಜಾತ್ರೆಗೆ ಬರುವ ತೆಲಂಗಾಣದ ಭಕ್ತರು ಇದರ ಮೇಲೆಯೇ ನಡೆದು ಬರುತ್ತಾರೆ.

ನಿಜಾಮನ ಆಳ್ವಿಕೆಯ ಬಗ್ಗೆ ಈ ಭಾಗದ ಜನರ ನೆನಪು ಕಹಿಯಾದದ್ದು, ಅದಕ್ಕೆ ಕಾರಣಗಳೂ ಇವೆ. ಕನ್ನಡ ಶಾಲೆಗಳಿಗೆ ಪರದಾಟ, ಜಹಗೀರುದಾರರ ಕಾಟ, ಕೊನೆಯಲ್ಲಿ ರಜಾಕಾರರ ಹಾವಳಿ. ಇವನ್ನು ಮುಚ್ಚಿಡಬೇಕಾದ್ದಿಲ್ಲ. ಅದೇ ಆಡಳಿತ ಕೊನೆಯ ದಶಕಗಳಲ್ಲಿ ಕೃಷ್ಣೆಗೆ ಸೇತುವೆ ಕಟ್ಟಿತು, 1945ರ ಫೆಬ್ರುವರಿಯಲ್ಲಿ ಮದರಾಸಿನೊಡನೆ ಸೇರಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿತು, ಮಾನ್ವಿ ಸೀಮೆಯ ರಾಜೋಳಿಬಂಡೆಯಲ್ಲಿ ಒಡ್ಡು ಕಟ್ಟಲು ತೊಡಗಿತು ಎಂಬುದನ್ನೂ ಮುಚ್ಚಿಡಬಾರದು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಇತಿಹಾಸ ಪೂರ್ತಿಯಾಗುವುದಿಲ್ಲ.

ಸೇತುವೆ ಮುಗಿದ ಐದೇ ವರ್ಷಕ್ಕೆ ಅದನ್ನು ಕಟ್ಟಿಸಿದ ರಾಜ್ಯವೇ ಹೋಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟಿತು. ದಕ್ಷಿಣದ ದಿಕ್ಕಿನಲ್ಲಿ ಮೊದಲ ದಿನವೇ ನಡೆದ ಕೆಲಸಗಳಲ್ಲಿ ಒಂದು ತುಂಗಭದ್ರೆಯ ಮೇಲಿನ ಸೇತುವೆಯನ್ನು ವಶಪಡಿಸಿಕೊಂಡದ್ದು. ಹೊಳೆ ದಾಟುವ ಜಾಗ ಯಾರ ಕೈಯಲ್ಲಿದೆ ಎಂಬುದು 428 ವರ್ಷಗಳ ಆಮೇಲೂ ಸೇನಾನಿಗಳ ಮೊದಲ ಯೋಚನೆಯಾಗಿತ್ತು. ನಾಲ್ಕೈದು ದಿನಗಳಲ್ಲಿ ಎಲ್ಲ ಮುಗಿಯಿತು.

1956ರ ನವೆಂಬರ್ 1 ಬೇರೆ ಬಗೆಯ ತಿರುವು. ಭಾಷೆಯ ಆಧಾರದಲ್ಲಿ ರಾಜ್ಯಗಳ ವಿಂಗಡಣೆಯಾಗಿ ಹೈದರಾಬಾದ್ ಮೂರು ಪಾಲಾಯಿತು. ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಒಂದೇ ಸಂಸ್ಥಾನದ ಎರಡು ಊರುಗಳನ್ನು ಜೋಡಿಸಲು ಕಟ್ಟಿದ ಸೇತುವೆ ಅಂದಿನಿಂದ ಎರಡು ರಾಜ್ಯಗಳ ಗಡಿಯಾಯಿತು. ಗಡಿ ನಕ್ಷೆಯಲ್ಲಿ ಬಿತ್ತು, ಬದುಕಿನಲ್ಲಿ ಬೀಳಲಿಲ್ಲ. ಆಚೆ ದಡದ ಕೃಷ್ಣಾ ಮಂಡಲದಲ್ಲಿ, ಇಂದಿನ ತೆಲಂಗಾಣದಲ್ಲಿ, ಕನ್ನಡ ಮಾತಾಡುವ ಊರುಗಳಿವೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅವರಿಗೆ ಆಸ್ಪತ್ರೆ, ಪೇಟೆ, ಬೀಗತನ ಎಲ್ಲಕ್ಕೂ ಹತ್ತಿರದ ದೊಡ್ಡ ಊರು ರಾಯಚೂರೇ. ಸೇತುವೆಯೊಂದು ಅಲ್ಲಿ ಇಲ್ಲದಿದ್ದರೆ ಆ ಗಡಿ ಎಷ್ಟು ಗಟ್ಟಿಯಾಗುತ್ತಿತ್ತೋ ಏನೋ.

1985ರಲ್ಲಿ ಸೇತುವೆಯ ಮಗ್ಗುಲಲ್ಲೇ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಉರಿಯಿತು. ಈಗ ಎಂಟು ಘಟಕ, 1,720 ಮೆಗಾವಾಟ್. ಬಂಡಿ ಮತ್ತು ಹಗುರ ಬಸ್ಸುಗಳ ಕಾಲದಲ್ಲಿ ಕಟ್ಟಿದ ಸೇತುವೆಯ ಮೇಲೆ ಸಿಮೆಂಟು, ಹಾರುಬೂದಿ, ಭತ್ತ ಹೊತ್ತ ಲಾರಿಗಳು ಹಗಲೂ ರಾತ್ರಿ ಓಡತೊಡಗಿದವು. ಹಗಲು ಹೊತ್ತು ಹೋಗಿ ಪಕ್ಕಕ್ಕೆ ನಿಂತು ನೋಡಿ. 20 ಅಡಿ ಅಗಲದಲ್ಲಿ ಎದುರುಬದುರಾದ ಎರಡು ಲಾರಿಗಳು ಕನ್ನಡಿ ಮಡಚಿಕೊಂಡು ತೆವಳುತ್ತವೆ. ಬೈಕಿನವರು ಅಂಚಿಗೆ ಒತ್ತಿಕೊಳ್ಳುತ್ತಾರೆ. ದೊಡ್ಡ ಗಾಡಿ ಹಾದಾಗ ಅಂಗಾಲಿಗೆ ಸಣ್ಣ ನಡುಕ ತಟ್ಟುತ್ತದೆ. ಕೆಳಗೆ ಬೇಸಿಗೆಯಲ್ಲಿ ಬರೀ ಬಂಡೆ, ಬಂಡೆಗಳ ನಡುವೆ ಹಸಿರು ಮಡು. ಮಳೆಗಾಲದಲ್ಲಿ ಒಂದು ಬಂಡೆಯೂ ಕಾಣುವುದಿಲ್ಲ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಒಟ್ಟಿಗೆ ಉಕ್ಕಿ ಮಂತ್ರಾಲಯ, ಕರ್ನೂಲುಗಳು ಮುಳುಗಿದವು. ಮಾನ್ವಿ, ರಾಯಚೂರು ತಾಲ್ಲೂಕುಗಳ ದಡದ ಊರುಗಳು ನೀರಲ್ಲಿ ನಿಂತವು. ಅಂಥ ವರ್ಷವನ್ನೂ ದಾಟಿ ಈ ಸೇತುವೆ ಉಳಿದಿದೆ. 2024ರ ಆರಂಭದಲ್ಲಿ ದುರಸ್ತಿಗೆಂದು ಅದನ್ನು ಮುಚ್ಚಿದಾಗ, ಸೇತುವೆ ಇಲ್ಲದ ರಾಯಚೂರು ಎಂದರೆ ಏನೆಂದು ಹೊಸ ತಲೆಮಾರಿಗೆ ಮೊದಲ ಸಲ ಗೊತ್ತಾಯಿತು.

ದೇವದುರ್ಗದ ಕಡೆಯವರಿಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆ ತಾಲ್ಲೂಕಿನ ತುದಿಯಲ್ಲಿ ತಿಂಥಣಿ ಬ್ರಿಜ್ ಎಂಬ ಊರೇ ಇದೆ. ಆಚೆ ದಡದಲ್ಲಿ ಮೌನೇಶ್ವರನ ತಿಂಥಣಿ, ಈಚೆಗೆ ಕನಕ ಗುರುಪೀಠದ ಮಠ, ನಡುವೆ ಸೇತುವೆ. ಸೇತುವೆಯ ಹೆಸರೇ ಊರಿಗೆ ನಿಂತುಬಿಟ್ಟಿದೆ. ಆದರೆ ಕೆಳಗಿನ ಹೂವಿನಹೆಡಗಿ ಸೇತುವೆಯ ಪಾಡು ಬೇರೆ. ಅದು ತಗ್ಗಿನ ಸೇತುವೆ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗುತ್ತದೆ. ದೇವದುರ್ಗ ಮತ್ತು ಶಹಾಪುರದ ನಡುವಿನ ದಾರಿ ಆಗ ಕಡಿದುಹೋಗುತ್ತದೆ, ಎದುರಿಗೆ ಕಾಣುವ ಊರಿಗೆ ಸುತ್ತಿ ಬಳಸಿ ಹೋಗಬೇಕು. 1943ಕ್ಕೆ ಮೊದಲು ರಾಯಚೂರಿನವರ ಬದುಕು ಹೇಗಿತ್ತೆಂದು ತಿಳಿಯಬೇಕಾದವರು ಆಗಸ್ಟ್ ತಿಂಗಳಲ್ಲಿ ಇಲ್ಲಿಗೆ ಬರಬೇಕು.

2019ರ ಆಗಸ್ಟಿನಲ್ಲಿ ಇದೇ ತಾಲ್ಲೂಕಿನ ಸೇತುವೆಯೊಂದರ ಮೇಲೆ ನೀರು ಹರಿಯುತ್ತಿತ್ತು. ಮಕ್ಕಳನ್ನೂ ಒಂದು ಶವವನ್ನೂ ಹೊತ್ತ ಆಂಬುಲೆನ್ಸು ದಡದಲ್ಲಿ ನಿಂತಿತ್ತು. ನೀರಿನಡಿಯಲ್ಲಿ ರಸ್ತೆ ಎಲ್ಲಿದೆ, ಅಂಚು ಎಲ್ಲಿದೆ ಎಂದು ಚಾಲಕನಿಗೆ ಕಾಣಲಿಲ್ಲ. ಊರಿನ ಒಬ್ಬ ಶಾಲಾ ಬಾಲಕ ನೀರಿಗೆ ಇಳಿದು ಗಾಡಿಯ ಮುಂದೆ ಮುಂದೆ ನಡೆದ. ನೀರು ಅವನ ಸೊಂಟದವರೆಗೆ ಬಂತು. ಒಂದೆರಡು ಕಡೆ ಅವನು ತಡವರಿಸಿದ, ಬಿದ್ದ, ಮತ್ತೆ ಎದ್ದು ಕೈ ಮಾಡಿ ಕರೆದ. ಅವನ ಹೆಜ್ಜೆ ನೋಡಿಕೊಂಡು ಆಂಬುಲೆನ್ಸು ದಾಟಿತು. ದೇಶವೆಲ್ಲ ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡಿತು. ಮುಂದಿನ ಜನವರಿಯಲ್ಲಿ ಆ ಹುಡುಗನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಪ್ರಶಸ್ತಿ ಕೊಟ್ಟದ್ದು ಸರಿಯೇ. ಆದರೆ ಹನ್ನೆರಡರ ಹರೆಯದ ಹುಡುಗನ ಧೈರ್ಯದ ಮೇಲೆ ಒಂದು ರಸ್ತೆ ನಡೆಯಬೇಕಾಗಿ ಬಂದದ್ದು ನಮ್ಮೆಲ್ಲರನ್ನೂ ಚುಚ್ಚಬೇಕಾದ ಸಂಗತಿ.

ರಾಯಚೂರು ತಾಲ್ಲೂಕಿನ ಕುರ್ವಕುಲ ಮುಂತಾದ ನಡುಗಡ್ಡೆಗಳಿಗೆ, ನಾರದಗಡ್ಡೆಗೆ ಹೋಗುವವರು ಇಂದಿಗೂ ನೀರಿನ ದಾರಿಯನ್ನೇ ನೆಚ್ಚಿದ್ದಾರೆ. ತುಂಗಭದ್ರೆಯ ದಡದಲ್ಲಿ ವಿಜಯದಾಸರು ಹುಟ್ಟಿದ ಚೀಕಲಪರ್ವಿಯಂಥ ಮಾನ್ವಿ ಸೀಮೆಯ ಊರುಗಳಿಂದ ನೋಡಿದರೆ ಆಂಧ್ರದ ಊರು ಎದುರಿಗೇ ಕಾಣುತ್ತದೆ, ದಾಟಲು ಸೇತುವೆ ಬೇಕೆಂಬ ಕೂಗು ಅಲ್ಲಿ ಹಳೆಯದು. ದೇವಸೂಗೂರಿನಲ್ಲಿ ಅಣೆಕಟ್ಟಿಲ್ಲದ ಕೃಷ್ಣೆಯ ಮೇಲೆ, ಇಂದಿನ ಯಂತ್ರಗಳಿಲ್ಲದ ಕಾಲದಲ್ಲಿ, 2,488 ಅಡಿ ಉದ್ದದ ಎತ್ತರದ ದಾರಿಯನ್ನು ಹತ್ತು ವರ್ಷದಲ್ಲಿ ಕಟ್ಟಿ ಮುಗಿಸಿದರು. ಹೂವಿನಹೆಡಗಿಯ ಸೇತುವೆಯನ್ನು ಮುಳುಗದಷ್ಟು ಎತ್ತರಿಸಲು, ನಡುಗಡ್ಡೆಗಳಿಗೆ ದಾರಿ ಮಾಡಲು ಅಷ್ಟು ವರ್ಷ ಬೇಕಾಗಿಲ್ಲ. ಸಿರಾತ್-ಎ-ಜೂದಿಯನ್ನೂ, ಮುಂದೆ ಹೊಸ ಸೇತುವೆಯೊಂದು ಬಂದ ದಿನ ಕೆಡವಿ ಹಾಕದೆ, ಲಾರಿಗಳ ಭಾರ ಇಳಿಸಿ, ಜಾತ್ರೆಗೆ ನಡೆದು ಬರುವವರಿಗೂ ಆಚೆ ದಡದಿಂದ ರಾಯಚೂರಿನ ಪೇಟೆಗೆ ಸೈಕಲ್ಲಿನಲ್ಲಿ ಬರುವವರಿಗೂ ಬಿಟ್ಟುಕೊಡಬೇಕು.